ಸಾಮಾನಕ್ಕನ ಉಸಿರಾಡುವ ಗೊಂಬೆ

ಟಿವಿ ಚಾನಲ್ಲಿನ ನಾಲ್ಕಂತಸ್ತಿನ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಕೋಣೆಯಿತ್ತು. ಅದರೊಳಗೆ ಹದಿನೆಂಟು ಗೋಡೆ ಗಡಿಯಾರ, ನ್ಯಾಯಾಧೀಶರ ಮೂರು ಸುತ್ತಿಗೆ, ತಂತಿಯಿಲ್ಲದ ಟೆಲಿಫೋನುಗಳು, ನೀರು ಕಾಣದ ಮೀನಿನ ತೊಟ್ಟಿ, ಧಾರಾವಾಹಿಗಳಲ್ಲಿ ಎಷ್ಟೋ ಜನ ಪ್ರಾಣ ಬಿಟ್ಟ ಒಂದೇ ಒಂದು ಆಸ್ಪತ್ರೆ ಮಂಚ. ಇವೆಲ್ಲದರ ಒಡತಿಗೆ ಕಟ್ಟಡದವರೆಲ್ಲ ಸೇರಿ ಇಟ್ಟ ಹೆಸರು ಸಾಮಾನಕ್ಕ.

ಬಟ್ಟೆ ಹೊಲಿಯುವ ಕೆಲಸಕ್ಕೆಂದು ಬಂದವಳು ಇಪ್ಪತ್ತೇಳು ವರ್ಷಗಳಲ್ಲಿ ಸುತ್ತಿಗೆ, ಗರಗಸ, ಅಂಟು, ಬಣ್ಣ ಎಲ್ಲಕ್ಕೂ ಕೈ ಹಚ್ಚಿದ್ದಳು. ದೀಪದ ಬಿಸಿಗೆ ಕರಗದ ಐಸ್‌ಕ್ರೀಮ್ ಬೇಕೆಂದರೆ ಆಲೂಗಡ್ಡೆ ನುಣ್ಣಗೆ ಅರೆದು ಬಣ್ಣ ಹಾಕಿ ಕೊಟ್ಟಿದ್ದಳು. ನಾಯಕನ ಕಾಲು ಮುರಿಯುವ ದೃಶ್ಯಕ್ಕೆ, ಊಟಕ್ಕೆ ಹೋಗುವಾಗ ಬಿಚ್ಚಿಟ್ಟು ಬಂದು ಮತ್ತೆ ತೊಡುವಂಥ ಪ್ಲಾಸ್ಟರ್ ಮಾಡಿದ್ದಳು. "ಆಗಲ್ಲ" ಎಂಬ ಮಾತು ಅವಳ ಬಾಯಲ್ಲಿ ಕೇಳಿದವರಿಲ್ಲ. "ಎಷ್ಟು ಗಂಟೆಗೆ ಬೇಕು?" ಎನ್ನುವುದೊಂದೇ ಅವಳ ಪ್ರಶ್ನೆ. ಆದರೆ ಮಾಡಿದ ವಸ್ತು ಮೇಲಿನ ಸ್ಟುಡಿಯೋಗೆ ಹೋದಮೇಲೆ ಅದರಿಂದ ಏನು ಹೇಳುತ್ತಾರೆ, ಯಾರಿಗೆ ಹೇಳುತ್ತಾರೆ ಎಂದು ಅವಳು ಯೋಚಿಸಿದವಳಲ್ಲ. ಸುತ್ತಿಗೆ ಮಾಡುವುದು ತನ್ನ ಕೆಲಸ, ತೀರ್ಪು ಕೊಡುವುದು ಇನ್ನೊಬ್ಬರದು ಎಂದುಕೊಂಡು ಹಾಯಾಗಿದ್ದಳು.

ಆ ಮಂಗಳವಾರ ಹನ್ನೆರಡೂಕಾಲಕ್ಕೆ ಮಗಳ ಫೋನು ಬಂತು.

"ಅಮ್ಮಾ, ನಿಮ್ಮ ಚಾನಲ್ ನೋಡಿದ್ಯಾ?"

"ನಾನು ಚಾನಲ್ ಒಳಗೇ ಇದೀನಿ, ನೋಡೋಕೆ ಪುರುಸೊತ್ತೆಲ್ಲಿ? ಏನಾಯ್ತು ಹೇಳೆ."

"ಸ್ಲಿಂಗಲ್ಲಿ ಹಾಕ್ಕೊಂಡ್ರೆ ಮಗು ಉಸಿರುಕಟ್ಟಿ ಸಾಯುತ್ತಂತೆ. 'ಎದೆಗವಚಿದ ಸಾವು' ಅಂತ ಪರದೆ ಕೆಳಗಿನ ಪಟ್ಟೀಲಿ ದೊಡ್ಡಕ್ಷರದಲ್ಲಿ ಬರ್ತಾನೇ ಇದೆ. ಇವಳು ಈಗ ನನ್ನೆದೆ ಮೇಲೇ ಮಲಗಿದಾಳೆ. ತೆಗೀಲಾ, ಬಿಡ್ಲಾ?"

ಮೊಮ್ಮಗಳಿಗೆ ಒಂಬತ್ತು ವಾರ. ಮೂರು ವಾರ ಮೊದಲೇ ಹುಟ್ಟಿದ ಕೂಸು, ಅಂಗೈಯಗಲದ ಬೆನ್ನು. ಮಗಳು ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುವವಳು. ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡು, ನಿಂತೇ ಕೆಲಸ ಮಾಡುತ್ತಿದ್ದಳು. ಅಂಗಡಿಯವರು ಸ್ಲಿಂಗ್ ಎನ್ನುವ ಆ ಜೋಳಿಗೆ ಸಾಮಾನಕ್ಕನಿಗೆ ಮೊದಲಿಂದಲೂ ಹಿಡಿಸಿರಲಿಲ್ಲ. "ದೇವರು ಎರಡು ಕೈ ಕೊಟ್ಟಿರೋದು ಯಾಕೆ?" ಎಂದು ಕೇಳಿದ್ದಳು. "ಕರಡು ತಿದ್ದೋಕೆ" ಎಂದು ಮಗಳು ಬಾಯಿ ಮುಚ್ಚಿಸಿದ್ದಳು.

"ಸದ್ಯಕ್ಕೆ ತೆಗೆದು ಅಂಗಾತ ಮಲಗಿಸು. ನಾನು ಮೇಲೆ ಹೋಗಿ ವಿಚಾರಿಸ್ತೀನಿ" ಎಂದವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಐವತ್ತಾರರ ಮಂಡಿಗಳು ಆಮೇಲೆ ಬೇಕಾದರೆ ಗೊಣಗಿಕೊಳ್ಳಲಿ.

ಮೇಲೆ ಸುದ್ದಿಮನೆಯಲ್ಲಿ ಸಂಜೆ ಕಾರ್ಯಕ್ರಮದ ಪ್ರೊಡ್ಯೂಸರ್ ಎರಡು ಫೋನುಗಳಲ್ಲಿ ಒಟ್ಟಿಗೆ ಮಾತಾಡುತ್ತಿದ್ದ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಆಸಾಮಿ. ಗಡಿಬಿಡಿರಾಯ ಎಂಬ ಅಡ್ಡಹೆಸರು ಅವನ ಬೆನ್ನ ಹಿಂದೆ ಮಾತ್ರವಲ್ಲ, ಈಚೆಗೆ ಮುಖದೆದುರೂ ಓಡಾಡುತ್ತಿತ್ತು. ಅವನು ಫೋನಿಡುವವರೆಗೆ ಸಾಮಾನಕ್ಕ ಮೇಜಿನ ಮೇಲಿದ್ದ ವರದಿ ಓದಿದಳು. ಹಿಂದಿನ ದಿನ ಒಂದು ಅಂಗಡಿಯಲ್ಲಿ, ಆಳವಾದ ಚೀಲದಂಥ ಸ್ಲಿಂಗಿನಲ್ಲಿದ್ದ ಮೂರು ವಾರದ ಮಗುವಿಗೆ ಉಸಿರುಕಟ್ಟಿತ್ತು. ಪಕ್ಕದಲ್ಲಿದ್ದವರು ನೋಡಿ ಎತ್ತಿ ಆಸ್ಪತ್ರೆಗೆ ಸೇರಿಸಿದ್ದರು. ಮಗು ಈಗ ಹಾಲು ಕುಡಿಯುತ್ತಿತ್ತು, ಕೈಕಾಲು ಆಡಿಸುತ್ತಿತ್ತು.

"ಸಾರ್, ಈ ಮಗು ಬದುಕಿದೆಯಲ್ಲ. ಮತ್ತೆ ಸಾವು ಅಂತ ಹಾಕಿದೀರಿ?"

"ಸಾಯಬಹುದಿತ್ತು ಅಕ್ಕ."

"ಹಾಗಂತಲೇ ಹಾಕಬಹುದಿತ್ತು."

"ಅಷ್ಟುದ್ದ ಪಟ್ಟೀಲಿ ಹಿಡಿಯಲ್ಲ." ಅವನು ತಮಾಷೆ ಮಾಡುತ್ತಿರಲಿಲ್ಲ. "ಒಳ್ಳೇ ಟೈಮಿಗೆ ಬಂದ್ರಿ ನೋಡಿ. ಆರು ಗಂಟೆಗೆ ಲೈವ್. ಮಕ್ಕಳ ಡಾಕ್ಟರ್ ಬರ್ತಾರೆ. ಒಂದು ಗೊಂಬೆ ಬೇಕು, ಚೀಲದ ಸ್ಲಿಂಗಲ್ಲಿ ಹಾಕಿ ತೋರಿಸೋಕೆ. ಅಂಗಡಿಯಿಂದ ಎರಡು ಥರದ ಸ್ಲಿಂಗ್ ತರಿಸಿದೀನಿ, ತಗೊಂಡು ಹೋಗಿ."

ಸಾಮಾನಕ್ಕ ಕೆಳಗಿಳಿದು, ಕಪಾಟಿನಲ್ಲಿದ್ದ ಪ್ಲಾಸ್ಟಿಕ್ ಗೊಂಬೆಯನ್ನು ಚೀಲದೊಳಗೆ ಇಳಿಬಿಟ್ಟಳು. ಅದು ಕವಾಯತಿಗೆ ನಿಂತ ಪೊಲೀಸನಂತೆ ಕತ್ತು ನೆಟ್ಟಗೆ ಇಟ್ಟುಕೊಂಡು ನಗುತ್ತಿತ್ತು. ಅದರ ಹೊಟ್ಟೆಯೊಳಗೆ ಗಾಳಿ ಬಿಟ್ಟರೆ ಏನೂ ಇಲ್ಲ. ನಿಜವಾದ ಹಸುಗೂಸಿನ ತಲೆ ಹೀಗಿರುತ್ತದೆಯೇ? ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಆ ತಲೆ ತನ್ನ ಅಂಗೈಯಿಂದ ಎಷ್ಟು ಸುಲಭಕ್ಕೆ ಜಾರಿ ಬಾಗಿತ್ತು ಎಂಬುದು ನೆನಪಾಯಿತು. ಗೊಂಬೆಗೆ ಕತ್ತು ಬೇಕಾಗಿರಲಿಲ್ಲ. ಕತ್ತಿನಲ್ಲಿ ಬಲ ಇಲ್ಲದಿರುವುದು ಬೇಕಾಗಿತ್ತು.

ಗಡಿಯಾರಗಳತ್ತ ನೋಡಿದಳು. ಅವು ಹದಿನೆಂಟು ಬಗೆಯ ಸಮಯ ಹೇಳುತ್ತಿದ್ದವು. ಮೊಬೈಲ್ ಒಂದು ಗಂಟೆ ಎನ್ನುತ್ತಿತ್ತು. ಐದಕ್ಕೆ ತೋರಿಸಬೇಕು ಅಂದರೆ ನಾಲ್ಕು ಗಂಟೆಯಲ್ಲಿ ಒಂದು ಮಗು. ಅವಳಿಗೆ ತನ್ನಷ್ಟಕ್ಕೇ ನಗು ಬಂತು, ಕೈಗೆ ಹುರುಪು ಬಂತು.

ಮೂರೂವರೆ ಕಿಲೋ ಮರಳು ಮತ್ತು ಹತ್ತಿ. ತಲೆಗೇ ಅದರಲ್ಲಿ ಕಾಲುಪಾಲು ಹೋಯಿತು, ಯಾಕೆಂದರೆ ಕೂಸಿನ ದೇಹದಲ್ಲಿ ತಲೆಯೇ ಯಜಮಾನ. ತೂಕ ನೋಡಲು ಕ್ಯಾಂಟೀನಿನ ತಕ್ಕಡಿಗೆ ಮೂರು ಸಲ ಓಡಿದಳು. ಈರುಳ್ಳಿ ತೂಗುತ್ತಿದ್ದ ಅಡುಗೆಯವನು, "ಏನಕ್ಕ, ತಲೆ ತೂಗಿಸ್ತಾ ಇದೀರಾ?" ಎಂದ. "ನಿಂದೂ ಕೊಡು, ಎಷ್ಟಿದೆ ನೋಡೋಣ" ಎಂದು ಅವಳು ನಿಲ್ಲದೆ ವಾಪಸು ಬಂದಳು. ಕತ್ತಿಗೆ ಫುಟ್‌ಬಾಲ್ ಆಟಗಾರರ ಉದ್ದ ಕಾಲುಚೀಲದ ತುಂಡನ್ನು ಹೊಲಿದಳು. ಬೆನ್ನಿಗೆ ಮೆತ್ತನೆ ರಬ್ಬರಿನ ಹಾಳೆ. ಎತ್ತಿ ಹಿಡಿದಾಗ ಗೊಂಬೆ ತೋಳಿನ ಮೇಲೆ ಒರಗಿತು, ತಲೆ ಹಿಂದಕ್ಕೆ ಬಿತ್ತು, ಮತ್ತು ಅವಳ ಎಡಗೈ ಯೋಚನೆಗೂ ಮೊದಲೇ ಹೋಗಿ ತಲೆಯನ್ನು ಹಿಡಿದುಕೊಂಡಿತು. ಆಗಲೇ ಗೊತ್ತಾಯಿತು ಅವಳಿಗೆ, ಗೊಂಬೆ ಸರಿಯಾಗಿದೆಯೆಂದು.

ಅದನ್ನು ಚೀಲದ ಸ್ಲಿಂಗಿನೊಳಗೆ ಇಟ್ಟು ಬಗ್ಗಿ ನೋಡಿದಳು. ಗೊಂಬೆ ತಳಕ್ಕೆ ಜಾರಿ, ಬೆನ್ನು ಬಿಲ್ಲಿನಂತೆ ಬಾಗಿ, ಗದ್ದ ಎದೆಗೆ ಒತ್ತಿಕೊಂಡು ಕೂತಿತ್ತು. ಮೇಲಿನಿಂದ ನೋಡಿದರೆ ನಿದ್ದೆ ಮಾಡುವ ಮಗು. ಇದರಲ್ಲಿ ಅಪಾಯವೆಲ್ಲಿದೆ ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಇದೇ ಹೆದರಿಕೆ ಹುಟ್ಟಿಸುವ ಸಂಗತಿ ಅನ್ನಿಸಿತು. ಅಳುವುದಿಲ್ಲ, ಕೊಸರುವುದಿಲ್ಲ, ಸುಮ್ಮನೆ ಮಲಗಿದ ಹಾಗೆ.

ಉಸಿರು ಕಾಣುವಂತಾಗಬೇಕು.

ಆ ಯೋಚನೆ ಬಂದದ್ದೇ ತಡ, ಅವಳು ಗೊಂಬೆಯ ಹೊಲಿಗೆ ಬಿಚ್ಚಿದಳು. ಡಾಕ್ಟರ್ ಧಾರಾವಾಹಿಯ ಡ್ರಿಪ್ ನಳಿಗೆಯನ್ನು ಕತ್ತಿನೊಳಗಿಂದ ಮೂಗಿನವರೆಗೆ ಹಾಯಿಸಿದಳು. ಅದು ಬಿರುಸು, ಗದ್ದ ಬಾಗಿದರೂ ಮಡಚಲಿಲ್ಲ. ಮೀನಿನ ತೊಟ್ಟಿಯ ಗಾಳಿ ನಳಿಗೆ ಕಿತ್ತು ತಂದಳು. ಅದು ಮೆತ್ತಗೆ, ಬೆರಳಲ್ಲಿ ಬಗ್ಗಿಸಿದರೆ ತಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ತುದಿಗೆ ಹಳೇ ಕಾರಿನ ಭೋಂ ಭೋಂ ಹಾರನ್ನಿನ ರಬ್ಬರ್ ಬುರುಡೆ. ಮೂಗಿನ ಮುಂದೆ ತೆಳುಕಾಗದದ ಒಂದು ಸಣ್ಣ ಎಳೆ. ಬುರುಡೆ ಒತ್ತಿದಳು. ಎಳೆ ಹಾರಿತು. ಬಿಟ್ಟಳು, ಒಳಸರಿಯಿತು. ಮತ್ತೆ ಒತ್ತಿದಳು.

ನೆಲಮಾಳಿಗೆಯಲ್ಲಿ, ನಿಂತ ಗಡಿಯಾರಗಳ ನಡುವೆ, ಮರಳಿನ ಮಗು ಉಸಿರಾಡತೊಡಗಿತು.

ಚೀಲದೊಳಗಿಟ್ಟು ಒತ್ತಿದಳು. ಗದ್ದ ಎದೆಗೆ ಬಿತ್ತು, ನಳಿಗೆ ಮಡಚಿತು, ಎಳೆ ನಿಂತಿತು. ಎಷ್ಟು ಒತ್ತಿದರೂ ಅಲುಗಲಿಲ್ಲ. ಗದ್ದದಡಿ ಎರಡು ಬೆರಳು ತೂರಿಸಿ ಎತ್ತಿದಳು. ಎಳೆ ಮತ್ತೆ ಪಟಪಟ.

ಈಗ ಮಗಳ ಬಳಿ ಇರುವಂಥದ್ದೇ ಉದ್ದ ಬಟ್ಟೆಯ ಸ್ಲಿಂಗನ್ನು ಸೊಂಟಕ್ಕೂ ಹೆಗಲಿಗೂ ಸುತ್ತಿ, ಗೊಂಬೆಯನ್ನು ಎದೆಗೆ ನೆಟ್ಟಗೆ ಕಟ್ಟಿಕೊಂಡಳು. ಬುರುಡೆ ಒತ್ತಿದರೂ ಎಳೆ ಅಲುಗಲಿಲ್ಲ. ಹಾಗಾದರೆ ಪಟ್ಟಿಯಲ್ಲಿ ಬಂದದ್ದೇ ನಿಜವೇ? ಮಗಳಿಗೆ ಫೋನ್ ಮಾಡಲು ಕೈ ಹೋಯಿತು. ಆದರೆ ಅವಳು ಕೈಕೆಲಸದವಳು, ಒಂದು ಸಲ ಕೆಟ್ಟರೆ ಬಿಚ್ಚಿ ನೋಡುವ ಜಾತಿ. ಕನ್ನಡಿ ಮುಂದೆ ನಿಂತಳು. ಗಂಟು ಸಡಿಲವಾಗಿತ್ತು, ಗೊಂಬೆ ಒಂದು ಗೇಣು ಕೆಳಗೆ ಕುಸಿದಿತ್ತು. ಬಿಚ್ಚಿ, ಬಟ್ಟೆಯನ್ನು ಎಳೆದೆಳೆದು ಬಿಗಿ ಮಾಡಿ, ತಾನು ತಲೆ ಬಗ್ಗಿಸಿದರೆ ಗೊಂಬೆಯ ನೆತ್ತಿಗೆ ಮುತ್ತು ಕೊಡುವಷ್ಟು ಮೇಲೆ ಕಟ್ಟಿದಳು. ಬೆನ್ನಿಗೆ ಆಸರೆ ಸಿಕ್ಕಿತು, ಕೆನ್ನೆ ಪಕ್ಕಕ್ಕೆ ಒರಗಿತು, ಮುಖ ಪೂರ್ತಿ ಕಂಡಿತು. ಬುರುಡೆ ಒತ್ತಿದಳು.

ಎಳೆ ಹಾರಾಡಿತು. ಅದೇ ಬಟ್ಟೆ, ಅದೇ ಗೊಂಬೆ. ಕಟ್ಟಿದ ಬಗೆ ಬೇರೆ.

ಐದು ಗಂಟೆಗೆ ಗಡಿಬಿಡಿರಾಯನಿಗೆ ತೋರಿಸಿದಾಗ ಅವನು ಮೊದಲ ಬಾರಿಗೆ ಅರ್ಧ ನಿಮಿಷ ಒಂದೇ ಕಡೆ ನಿಂತ. "ಅಕ್ಕ, ಇದು ಗೊಂಬೆಯಲ್ಲ, ಇದು ಬಾಂಬು" ಎಂದ. ಬ್ರೇಕಿಗೆ ಮುಂಚೆ ಚೀಲ, ಬ್ರೇಕಾದಮೇಲೆ ಉದ್ದ ಬಟ್ಟೆ, ಸಡಿಲ ಮತ್ತು ಬಿಗಿ ಎರಡೂ ತೋರಿಸುವುದು ಎಂದು ಒಪ್ಪಂದವಾಯಿತು. ಬುರುಡೆ ಒತ್ತುವವರು ಕ್ಯಾಮೆರಾಕ್ಕೆ ಕಾಣಬಾರದು. ಹಾಗಾಗಿ ಸಾಮಾನಕ್ಕ ಮೇಜಿನ ಕೆಳಗೆ.

ಇಪ್ಪತ್ತೇಳು ವರ್ಷದಲ್ಲಿ ಅವಳು ಲೈವ್ ನಡೆಯುವಾಗ ಸ್ಟುಡಿಯೋದೊಳಗೆ ಇದ್ದದ್ದು ಅದೇ ಮೊದಲು. ಅದೂ ಮಂಡಿ ಮಡಚಿ, ನಿರೂಪಕಿಯ ಚಪ್ಪಲಿಗೂ ಡಾಕ್ಟರಮ್ಮನ ಬೂಟಿಗೂ ನಡುವೆ. ಕೆಂಪು ದೀಪ ಹತ್ತಿತು. ಅಬ್ಬರದ ಸಂಗೀತ ಬಂತು. ಸಾಮಾನಕ್ಕ ಉಸಿರು ಬಿಗಿಹಿಡಿದು ಗೊಂಬೆಯನ್ನು ಉಸಿರಾಡಿಸತೊಡಗಿದಳು.

ನಿರೂಪಕಿ ಗೊಂಬೆಯನ್ನು ಚೀಲಕ್ಕಿಳಿಸಿದಳು. ಎಳೆ ನಿಂತಿತು. ಡಾಕ್ಟರಮ್ಮ ತಣ್ಣನೆಯ ದನಿಯಲ್ಲಿ, "ಇದೇ ಆಗೋದು. ಎಳೇ ಮಗೂಗೆ ತಲೆ ಎತ್ತೋ ಶಕ್ತಿ ಇರಲ್ಲ, ಉಸಿರಿನ ದಾರಿ ಈ ನಳಿಗೆ ಥರಾನೇ ಮೆತ್ತಗಿರುತ್ತೆ. ಸದ್ದೇ ಬರಲ್ಲ, ಅದಕ್ಕೇ ಹತ್ತಿರದಲ್ಲಿದ್ದೋರಿಗೂ ಗೊತ್ತಾಗಲ್ಲ" ಎಂದರು. ಬ್ರೇಕ್ ಬಂತು.

ಬ್ರೇಕಿನಲ್ಲೇ ಲೆಕ್ಕ ತಪ್ಪಿತು. ನೋಡುವವರ ಸಂಖ್ಯೆ ಏರುತ್ತಿದೆಯೆಂದು ಮೇಲಿನ ನಿಯಂತ್ರಣ ಕೋಣೆಯಲ್ಲಿದ್ದ ಗಡಿಬಿಡಿರಾಯನಿಗೆ ರೆಕ್ಕೆ ಮೂಡಿತ್ತು. ಅವನ ಸೂಚನೆ ಬರೆದು ಕ್ಯಾಮೆರಾದ ಕೆಳಗೆ ನಿರೂಪಕಿಗೆ ಹಿಡಿದ ಬಿಳಿ ಹಲಗೆ ಮೇಜಿನಡಿಯಿಂದ ಸಾಮಾನಕ್ಕನಿಗೂ ಚೆನ್ನಾಗಿ ಕಂಡಿತು. 'ಎರಡನೇದು ಬೇಡ. ಫೋನ್ ಕರೆ ತಗೊಳ್ಳಿ.'

ಮೊದಲ ಕರೆ ಒಬ್ಬ ತಂದೆಯದು. ಮಧ್ಯಾಹ್ನದ ಸುದ್ದಿ ನೋಡಿ ತಮ್ಮ ಸ್ಲಿಂಗನ್ನು ಕತ್ತರಿಯಲ್ಲಿ ಕತ್ತರಿಸಿ ಹಾಕಿದೆವೆಂದ. ಎರಡನೆಯದು ಒಬ್ಬ ತಾಯಿಯದು. ಮೂರು ತಿಂಗಳಿಂದ ಮಗನನ್ನು ಉದ್ದ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೆ, ಕೈಯಾರೆ ಅವನಿಗೆ ಏನು ಮಾಡಿಬಿಟ್ಟೆನೋ ಎಂದು ಬಿಕ್ಕುತ್ತಿದ್ದಳು. ಡಾಕ್ಟರಮ್ಮ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಲಗೆಯ ಮೇಲೆ 'ಮುಂದಿನ ಕರೆ' ಎಂದು ಬಂತು.

ಆ ಬಿಕ್ಕು ಸಾಮಾನಕ್ಕನ ಕಿವಿಯಲ್ಲಿ ಮಗಳ ದನಿಯಾಗಿ ಕೇಳಿಸಿತು. ಈ ಅಳುವಿನಲ್ಲಿ ತನ್ನ ಗೊಂಬೆಯ ಪಾಲೂ ಇದೆ. ಅರ್ಧ ಸತ್ಯ ಹೇಳುವ ಸಾಮಾನನ್ನು ಮಾಡಿಕೊಟ್ಟಂತಾಯಿತು. ಆಮೇಲೆ ಅವಳು ಯೋಚಿಸಲಿಲ್ಲ. ಮೇಜಿನ ಅಂಚು ಹಿಡಿದು, ಕೂದಲಿಗೆ ಹತ್ತಿ ಅಂಟಿಸಿಕೊಂಡು, ಎದೆಯಲ್ಲಿ ಏಳೆಂಟು ಸೂಜಿ ಚುಚ್ಚಿಕೊಂಡಿದ್ದ ಏಪ್ರನ್ ಸಮೇತ, ಕೈಯಲ್ಲಿ ಬುರುಡೆ ಹಿಡಿದು ಎದ್ದು ನಿಂತಳು.

"ಮೇಡಂ, ಇನ್ನೊಂದು ಕಟ್ಟು ತೋರಿಸೋದು ಬಾಕಿ ಇದೆ."

ನಿರೂಪಕಿಯ ಕಿವಿಯೊಳಗೆ ಗಡಿಬಿಡಿರಾಯ ಕೂಗಿಕೊಳ್ಳುತ್ತಿದ್ದದ್ದು ಹೊರಗೂ ಕೇಳುತ್ತಿತ್ತು. ಅವಳು ಕಿವಿಯ ಯಂತ್ರವನ್ನು ಮೆಲ್ಲಗೆ ಹೊರಗೆಳೆದು, "ಈ ಗೊಂಬೆ ಮಾಡಿದ್ದು ಇವರೇ, ವೀಕ್ಷಕರೇ. ನಮ್ಮ ಸಾಮಾನಕ್ಕ" ಎಂದಳು.

"ತೋರಿಸಿ" ಎಂದರು ಡಾಕ್ಟರಮ್ಮ, ಕುರ್ಚಿ ಮುಂದೆಳೆದುಕೊಂಡು.

ಸಾಮಾನಕ್ಕ ಉದ್ದ ಬಟ್ಟೆಯನ್ನು ಕೈಗೆತ್ತಿಕೊಂಡಳು. ಬುರುಡೆಯನ್ನು ನಿರೂಪಕಿಯ ಕೈಗೆ ಕೊಟ್ಟು, "ಒತ್ತುತ್ತಾ ಇರಿ, ನಿಲ್ಲಿಸಬೇಡಿ" ಎಂದಳು. ಬಟ್ಟೆಯನ್ನು ಬೇಕೆಂದೇ ಸಡಿಲ ಕಟ್ಟಿದಳು. "ನೋಡಿ, ಹೀಗೆ ಜೋಲು ಬಿದ್ರೆ ಕುಸಿಯುತ್ತೆ. ಎಳೆ ನಿಂತ್ಹೋಯ್ತು. ಈಗ ಬಿಚ್ಚಿ ಬಿಗಿ ಮಾಡ್ತೀನಿ. ನಾವು ತೋಳಲ್ಲಿ ಹ್ಯಾಗೆ ಅಪ್ಪಿ ಹಿಡೀತೀವೋ ಅಷ್ಟು ಬಿಗಿ. ನೆತ್ತಿಗೆ ಮುತ್ತು ಕೊಡೋ ಹಾಗಿರಬೇಕು. ಮುಖ ಕಾಣಬೇಕು, ಮೂಗಿನ ಮೇಲೆ ಬಟ್ಟೆ ಬರಬಾರದು. ಗದ್ದದ ಕೆಳಗೆ ಎರಡು ಬೆರಳು ಹಿಡೀಬೇಕು."

ಹಗುರವಾದ ಎಳೆ ಇಡೀ ಪರದೆಯ ತುಂಬ ಪಟಪಟನೆ ಹಾರಾಡಿತು. ಸೀರೆಯ ಸೆರಗು ಜಾರುವುದನ್ನೂ ಲೆಕ್ಕಿಸದೆ ನಿರೂಪಕಿ ಎರಡೂ ಕೈಯಲ್ಲಿ ಬುರುಡೆ ಒತ್ತುತ್ತಿದ್ದಳು. ಕ್ಯಾಮೆರಾದ ಹಿಂದೆ ಯಾರೋ ಚಪ್ಪಾಳೆ ತಟ್ಟಿ, ಲೈವ್ ಎಂದು ನೆನಪಾಗಿ ನಿಲ್ಲಿಸಿದರು.

"ಆಗಲೇ ಫೋನ್ ಮಾಡಿದ್ರಲ್ಲ ತಾಯಿ, ನೀವು ಏನೂ ತಪ್ಪು ಮಾಡಿಲ್ಲಮ್ಮ" ಎಂದು ಸಾಮಾನಕ್ಕ ಯಾವ ಕಡೆ ನೋಡಬೇಕೆಂದು ತಿಳಿಯದೆ ಛಾವಣಿಯ ದೀಪದ ಕಡೆ ನೋಡುತ್ತ ಹೇಳಿದಳು. "ಕನ್ನಡಿ ಮುಂದೆ ನಿಂತು ನೋಡ್ಕೊಳ್ಳಿ, ಅಷ್ಟೇ. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ?"

ಡಾಕ್ಟರಮ್ಮ ನಕ್ಕು, ಕೂಡಲೇ ಗಂಭೀರರಾದರು. "ಒಂದು ಮಾತು ಸೇರಿಸ್ತೀನಿ. ತಿಂಗಳು ತುಂಬದೆ ಹುಟ್ಟಿದ ಮಗು, ತೂಕ ಕಡಿಮೆ ಇರೋದು, ಶೀತ ಆಗಿ ಉಸಿರಿಗೆ ಕಷ್ಟಪಡ್ತಿರೋದು, ಇವಕ್ಕೆ ಮೊದಲು ನಿಮ್ಮ ಡಾಕ್ಟರನ್ನ ಕೇಳಿ. ಮೊದಲ ನಾಲ್ಕು ತಿಂಗಳು ಎಲ್ಲರೂ ಹೆಚ್ಚು ಜಾಗ್ರತೆ ಮಾಡಿ. ಕಟ್ಟಿಕೊಳ್ಳೋದೋ ಬಿಡೋದೋ ನಿಮ್ಮಿಷ್ಟ. ಆದ್ರೆ ಹೆದರಿ ಬಿಡಬೇಡಿ, ಕುರುಡಾಗಿ ಕಟ್ಟಬೇಡಿ. ತಿಳ್ಕೊಂಡು ತೀರ್ಮಾನ ಮಾಡಿ."

ಕೆಂಪು ದೀಪ ಆರಿದಾಗ ಆರೂ ಮೂವತ್ತೆಂಟು. ಮುಂದಿನ ಕಾರ್ಯಕ್ರಮ ಎಂಟು ನಿಮಿಷ ತಡವಾಗಿತ್ತು. ಗಡಿಬಿಡಿರಾಯ ಮೆಟ್ಟಿಲು ದಡದಡ ಇಳಿದು ಬಂದ. ಎಲ್ಲರೂ ಅವರವರ ತಂತಿ ಸುತ್ತುವುದರಲ್ಲಿ ಮಗ್ನರಾದರು.

"ಅಕ್ಕ, ನೀವು ಎರಡು ಬ್ರೇಕ್ ನುಂಗಿ ನೀರು ಕುಡಿದ್ರಿ."

"ಹೌದು ಸಾರ್. ಬೈಯ್ಯೋದಾದ್ರೆ ಬೈದುಬಿಡಿ, ನನಗೆ ಕಾಲು ಜೋಮು ಹಿಡಿದಿದೆ, ಕೂತ್ಕೋಬೇಕು."

ಅವನು ಬೈಯಲು ಬಾಯಿ ತೆಗೆದ. ಅಷ್ಟರಲ್ಲಿ ಅವನ ಎರಡೂ ಫೋನು ಒಟ್ಟಿಗೆ ಬಡಿದುಕೊಂಡವು. ಏಳರ ಸುದ್ದಿಯವರಿಗೆ ಆ ಎಳೆ ಹಾರುವ ಚಿತ್ರ ಬೇಕಿತ್ತು. ಜನ ಆಗಲೇ ಮೊಬೈಲಿನಿಂದ ಮೊಬೈಲಿಗೆ ಅದನ್ನು ಕಳಿಸುತ್ತಿದ್ದರು. ಫೋನಿಟ್ಟು ಅವನು ಗೊಂಬೆಯ ಕಡೆ ನೋಡಿದ.

"ಅದನ್ನ ಕೊಡಿ, ಮತ್ತೊಂದ್ಸಲ ಶೂಟ್ ಮಾಡ್ಬೇಕು."

ಸಾಮಾನಕ್ಕ ಗೊಂಬೆಯನ್ನು ಬಿಚ್ಚಲಿಲ್ಲ. "ಕೊಡ್ತೀನಿ. ಮೊದಲು ಆ ಪಟ್ಟಿ ತೆಗೀರಿ. ಮಗು ಬದುಕಿದೆ ಅಂತ ಒಂದು ಸಾಲು ಹಾಕಿ."

"ಅಕ್ಕ, ಹೆಡ್‌ಲೈನ್ ನಾನೊಬ್ಬನೇ ತೀರ್ಮಾನ ಮಾಡೋದಲ್ಲ."

"ಗೊಂಬೆ ನಾನೊಬ್ಬಳೇ ಮಾಡಿದ್ದು."

ಏಳು ಗಂಟೆಗೆ ಪಟ್ಟಿ ಬದಲಾಗಿತ್ತು. 'ಕಟ್ಟುವ ಮುನ್ನ ನೋಡಿ' ಎಂದು ದೊಡ್ಡದಾಗಿ, 'ಉಸಿರುಕಟ್ಟಿದ್ದ ಮಗು ಚೇತರಿಕೆ' ಎಂದು ಕೆಳಗೆ ಚಿಕ್ಕದಾಗಿ. ಮಧ್ಯಾಹ್ನ ಹೇಳಿದ್ದು ತಪ್ಪೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದು ಸಾಮಾನಕ್ಕ ಎರಡು ಬೀದಿ ದಾಟಿ ಮಗಳ ಮನೆಗೆ ಹೆಚ್ಚುಕಡಿಮೆ ಓಡಿಯೇ ಹೋದಳು.

ಮಗಳು ಬಾಗಿಲು ತೆರೆದವಳೇ ಅಮ್ಮನನ್ನು ತಬ್ಬಿಕೊಂಡು, "ಅಯ್ಯೋ, ಸೂಜಿ" ಎಂದು ಹಿಂದೆ ಸರಿದಳು. ಸಾಮಾನಕ್ಕ ಏಪ್ರನ್ ಬಿಚ್ಚುವುದನ್ನೇ ಮರೆತು ಬಂದಿದ್ದಳು. ಕೂಸು ಮಂಚದ ಮೇಲೆ ಕಾಲು ಝಾಡಿಸುತ್ತಿತ್ತು.

"ಈಗೇನ್ಮಾಡ್ತೀಯೇ?" ಎಂದು ಕೇಳಿದಳು ಸಾಮಾನಕ್ಕ. ಇದುವರೆಗೆ ಮಗಳಿಗೆ ಏನು ಮಾಡಬೇಕೆಂದು ಹೇಳಿಯೇ ಅಭ್ಯಾಸ. ಕೇಳುವುದು ನಾಲಿಗೆಗೆ ಹೊಸದಾಗಿತ್ತು.

"ಆಫೀಸಿನವರು ಉಡುಗೊರೆ ಕೊಟ್ಟ ಚೀಲದ್ದು ಇತ್ತಲ್ಲ, ಅದನ್ನ ಆಗಲೇ ಮೇಲೆ ಎತ್ತಿಟ್ಟೆ. ಯಾರಿಗೂ ಕೊಡೋದೂ ಇಲ್ಲ. ಉದ್ದ ಬಟ್ಟೇದು ಮಾತ್ರ ಇಟ್ಕೋತೀನಿ. ಆದ್ರೆ ಇವಳು ಮುಂಚೆ ಹುಟ್ಟಿದೋಳಲ್ವಾ, ನಾಳೆ ಡಾಕ್ಟರ್ ಹತ್ರ ತೂಕ ನೋಡಿಸಿ, ಕೇಳಿ, ಆಮೇಲೆ. ಅವರು ಬೇಡ ಅಂದ್ರೆ ಇನ್ನೊಂದು ತಿಂಗಳು ಕಾಯ್ತೀನಿ."

"ನಾನು ಹೇಳಿದ್ದು ಅದನ್ನೇ ಅಲ್ವಾ, ಕೈಯಲ್ಲಿ ಎತ್ಕೋ ಅಂತ."

"ನೀನು ಹೇಳಿದ್ದು ಬೇರೆ, ಅಮ್ಮ. ನಾನು ಕೇಳಿ, ತಿಳ್ಕೊಂಡು ತೀರ್ಮಾನ ಮಾಡ್ತಿದೀನಿ."

ಸಾಮಾನಕ್ಕ ಒಪ್ಪಿಕೊಂಡಳು. ಬೇರೆಯೇ.

ಮರುದಿನ ಡಾಕ್ಟರು ಮಗುವನ್ನು ಪರೀಕ್ಷಿಸಿ, ಉಸಿರು ಚೆನ್ನಾಗಿದೆ, ತೂಕವೂ ಬಂದಿದೆ ಎಂದರು. ಮಗಳು ಅವರೆದುರೇ ಕಟ್ಟಿ ತೋರಿಸಿದಳು. ಗಂಟು ಇನ್ನೊಂದಿಷ್ಟು ಮೇಲೆ ಬರಲಿ ಎಂದು ಅವರು ಕೈಯಾರೆ ಸರಿಪಡಿಸಿ ಒಪ್ಪಿಗೆ ಕೊಟ್ಟರು.

ಆ ವಾರ ಮುಗಿಯುವ ಮೊದಲೇ ಡಾಕ್ಟರಮ್ಮನ ಆಸ್ಪತ್ರೆಯ ಹಿರಿಯ ನರ್ಸ್ ನೆಲಮಾಳಿಗೆ ಹುಡುಕಿಕೊಂಡು ಬಂದರು. ಹೆರಿಗೆಯಾಗಿ ಮನೆಗೆ ಹೋಗುವವರಿಗೆ ಕಲಿಸಲು ಅಂಥ ಆರು ಗೊಂಬೆ ಬೇಕೆಂದರು. ಗಡಿಬಿಡಿರಾಯ ಚಾನಲ್ಲಿನ ಹೆಸರು ಗೊಂಬೆಯ ಬೆನ್ನಿಗೆ ಹೊಲಿಯಬೇಕೆಂದ. "ಬೆನ್ನು ಬೇಡ ಸಾರ್, ಬಿರುಸಾಗುತ್ತೆ. ಅಂಗಾಲಿಗೆ ಹಾಕ್ತೀನಿ" ಎಂದಳು ಸಾಮಾನಕ್ಕ, ಮತ್ತು ಹಾಕಿದಳು.

ಈಗ ಪ್ರತಿ ಶನಿವಾರ ಬೆಳಿಗ್ಗೆ ಅವಳು ಆಸ್ಪತ್ರೆಯ ಮೂರನೇ ಮಹಡಿಯ ಬಿಸಿಲು ಬೀಳುವ ಕೋಣೆಯಲ್ಲಿ ಕಟ್ಟುವುದನ್ನು ಕಲಿಸುತ್ತಿರುತ್ತಾಳೆ. ಅಪ್ಪಂದಿರು ಒಬ್ಬರ ಬೆನ್ನಿಗೊಬ್ಬರು ಬಟ್ಟೆ ಎಳೆದು ಬಿಗಿದುಕೊಡುತ್ತಾರೆ. ಕಟ್ಟಿಕೊಳ್ಳುವುದೇ ಬೇಡ ಎಂದು ನಿರ್ಧರಿಸಿ ಹೋಗುವವರೂ ಇದ್ದಾರೆ. ಅವರನ್ನು ಅವಳು ಒತ್ತಾಯಿಸುವುದಿಲ್ಲ, ನಳಿಗೆ ಹೇಗೆ ಮುಚ್ಚುತ್ತದೆ ಎಂದು ಮಾತ್ರ ನೋಡಿಕೊಂಡು ಹೋಗಿ ಎನ್ನುತ್ತಾಳೆ, ಯಾಕೆಂದರೆ ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟಿನಲ್ಲೂ ಗದ್ದ ಬಾಗುತ್ತದೆ. ಕಳೆದ ಶನಿವಾರ, ಎಂಟು ತಿಂಗಳ ಹೊಟ್ಟೆ ಹೊತ್ತ ಒಬ್ಬಳು ಏದುಸಿರು ಬಿಡುತ್ತ ಬಂದು, "ಅಮ್ಮಾ, ನಂಗೆ ಎರಡು ಗೊಂಬೆ ಬೇಕು, ಒಟ್ಟಿಗೆ" ಎಂದಳು.

"ಒಂದು ಸಾಲಲ್ವೇನಮ್ಮ?"

"ಒಳಗೆ ಇಬ್ಬರಿದಾರಂತೆ."

ಇಬ್ಬರನ್ನು ಒಟ್ಟಿಗೆ ಕಟ್ಟುವುದು ಆಗುತ್ತದೆಯೇ, ಯಾವ ವಯಸ್ಸಿಗೆ, ಯಾರ ಮುಖ ಯಾವ ಕಡೆ? ಸಾಮಾನಕ್ಕನಿಗೆ ಗೊತ್ತಿರಲಿಲ್ಲ. ನರ್ಸ್ ಕಡೆ ನೋಡಿದಳು. ಅವರೂ ಡಾಕ್ಟರನ್ನೇ ಕೇಳಬೇಕೆಂದರು. "ಕೂತ್ಕೋ ತಾಯಿ, ಕೇಳಿ ಬರ್ತೀನಿ" ಎಂದು ಅವಳು ಎರಡೂ ಕಂಕುಳಲ್ಲಿ ಒಂದೊಂದು ಗೊಂಬೆ ಇರುಕಿಕೊಂಡು, ಬುರುಡೆಗಳನ್ನು ಪುಸ್ ಪುಸ್ ಅನ್ನಿಸುತ್ತ ಮೆಟ್ಟಿಲ ಕಡೆ ನಡೆದಳು.